ಕಾಲುವೆಯ ಪೈಪು ಮತ್ತು ಕಲ್ಯಾಣದ ಮದುವೆ



ಕಳೆದ ತಿಂಗಳು ಚನ್ನಗಿರಿ ತಾಲ್ಲೂಕಿನ ನಲ್ಲೂರಿನಲ್ಲಿ ನಮ್ಮ ಮಾಸಿಕ ಶರಣ ಗೋಷ್ಠಿ ನಡೆಯಿತು. ಸಾಮೂಹಿಕ ಇಷ್ಟಲಿಂಗ ಪೂಜೆ, ವಚನ ಗಾಯನ, ಕಾಯಕ ತತ್ತ್ವದ ಮೇಲೆ ಅರ್ಧ ಗಂಟೆ ನನ್ನ ಮಾತು, ಆಮೇಲೆ ಪ್ರಶ್ನೋತ್ತರ, ಕೊನೆಗೆ ದಾಸೋಹ. ಪ್ರಶ್ನೋತ್ತರದಲ್ಲಿ ಸಾಮಾನ್ಯವಾಗಿ ಬರುವ ಪ್ರಶ್ನೆಗಳು ತಮಗೆಲ್ಲ ಗೊತ್ತಿರುವಂಥವೇ. ಲಿಂಗ ಧರಿಸಿದವರು ಗುಡಿಗೆ ಹೋಗಬಹುದೇ, ಮದುವೆಗೆ ಮುಹೂರ್ತ ನೋಡಬೇಕೇ, ಮಕ್ಕಳಿಗೆ ಯಾವ ವಯಸ್ಸಿನಲ್ಲಿ ದೀಕ್ಷೆ ಕೊಡಿಸಬೇಕು. ಆ ದಿನ ಮಲೇಬೆನ್ನೂರು ಕಡೆಯಿಂದ ಬಂದಿದ್ದ ಒಬ್ಬ ಯುವಕ ಎದ್ದು ನಿಂತು ಬೇರೆಯದೇ ಪ್ರಶ್ನೆ ಕೇಳಿದ.

"ಮೇಷ್ಟ್ರೇ, ನಮ್ಮದು ಭದ್ರಾ ಕಾಲುವೆಯ ಕೊನೇ ಭಾಗ. ಡ್ಯಾಮು ತುಂಬಿದ ವರ್ಷಾನೂ ನಮ್ಮ ಗದ್ದೆಗೆ ನೀರು ಬರೋದು ಅನುಮಾನ. ಅರ್ಜಿ ಕೊಟ್ಟಿದ್ದೀವಿ, ಕಚೇರಿ ಮುಂದೆ ಕೂತಿದ್ದೀವಿ, ರಸ್ತೆ ತಡೆದಿದ್ದೀವಿ. ಇವತ್ತು ಬೈಕಲ್ಲಿ ಕಾಲುವೆ ದಂಡೆ ಮೇಲೇ ಬಂದೆ. ಎಷ್ಟು ಪೈಪು ಇಳಿಬಿಟ್ಟಿದ್ದಾರೆ ಅಂತ ಎಣಿಸ್ತಾ ಬಂದು ಅರ್ಧಕ್ಕೇ ಬಿಟ್ಟೆ. ನಾವು ನೂರು ಜನ ಬಂದು ಆ ಪೈಪುಗಳನ್ನ ಕಿತ್ತು ಹಾಕಿದ್ರೆ ತಪ್ಪಾ? ಶರಣರು ಒಪ್ತಾರಾ, ಒಪ್ಪಲ್ವಾ?"

ಸಭೆ ಸ್ತಬ್ಧವಾಯಿತು. ಕೂತಿದ್ದವರಲ್ಲಿ ಹೆಚ್ಚಿನವರು ಅಡಿಕೆ ತೋಟದವರು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, "ಇದು ಶರಣರ ಗೋಷ್ಠಿ ಕಣಪ್ಪಾ, ರೈತ ಸಂಘದ ಸಭೆ ಅಲ್ಲ. ಶರಣರು ಶಾಂತಿ ಸಾರಿದೋರು. ಕೀಳೋದು, ಒಡೆಯೋದು ಇಲ್ಲಿ ಬ್ಯಾಡ" ಎಂದರು. ಅನೇಕರು ತಲೆಯಾಡಿಸಿದರು. ಯುವಕ ನನ್ನ ಮುಖ ನೋಡಿದ. ನಾನು, "ಒಳ್ಳೆಯ ಪ್ರಶ್ನೆ, ಸಮಯ ಆಗಿದೆ, ಮುಂದೆ ವಿವರವಾಗಿ ಮಾತಾಡೋಣ" ಎಂದು ಹೇಳಿ ದಾಸೋಹಕ್ಕೆ ಎಬ್ಬಿಸಿದೆ. ಸಮಯ ಆಗಿರಲಿಲ್ಲ. ನನಗೆ ಉತ್ತರ ಹೇಳುವ ಧೈರ್ಯ ಇರಲಿಲ್ಲ. ಯಾಕೆ ಇರಲಿಲ್ಲ ಎಂಬುದನ್ನು ಈ ಬರಹದ ಕೊನೆಯಲ್ಲಿ ಒಪ್ಪಿಕೊಳ್ಳುತ್ತೇನೆ. ಮೊದಲು ಆ ತಮ್ಮನಿಗೆ ಕೊಡಬೇಕಾಗಿದ್ದ ಉತ್ತರವನ್ನು ಕೊಡುತ್ತೇನೆ.

ಹಿರಿಯರ ಮಾತಿನಿಂದಲೇ ಶುರು ಮಾಡೋಣ. ಶರಣರು ಶಾಂತಿ ಸಾರಿದವರು, ನಿಜ. ಆದರೆ ಶಾಂತಿ ಎಂದರೆ ಕೈಕಟ್ಟಿ ಕೂರುವುದು ಎಂದು ಅವರು ಎಲ್ಲಿಯೂ ಹೇಳಲಿಲ್ಲ, ಹಾಗೆ ಬದುಕಲೂ ಇಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಕಾಯಕದ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ಮದುವೆ ನಡೆಯಿತು ಎಂಬುದು ನಮ್ಮ ಪರಂಪರೆಯಲ್ಲಿ ಮಗುವಿಗೂ ಗೊತ್ತಿರುವ ಸಂಗತಿ. ಆ ಮದುವೆಗೆ ಮೊದಲು ಬಿಜ್ಜಳನ ಆಸ್ಥಾನಕ್ಕೆ ಯಾರಾದರೂ ಅರ್ಜಿ ಹಾಕಿದರೇ? ವರ್ಣಸಂಕರದ ಕಟ್ಟಳೆ ತಿದ್ದುಪಡಿ ಮಾಡಿ ಎಂದು ನಿಯೋಗ ಹೋಯಿತೇ? ಇಲ್ಲ. ಇಬ್ಬರೂ ಲಿಂಗವಂತರು, ಲಿಂಗವಂತರಲ್ಲಿ ಕುಲವಿಲ್ಲ, ಆದ್ದರಿಂದ ಮದುವೆ ಸರಿ ಎಂದು ತೀರ್ಮಾನಿಸಿ ಮದುವೆ ಮಾಡಿದರು. ಊರೆಲ್ಲ ನೋಡುವಂತೆ ಮಾಡಿದರು. ರಾಜ್ಯದ ಕಟ್ಟಳೆಯನ್ನು ಎದುರಿಗೇ ಮುರಿದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ನೇರ ಕ್ರಿಯೆ. ಆಳುವವರು ನ್ಯಾಯ ಕೊಡಲಿ ಎಂದು ಕಾಯದೆ, ನ್ಯಾಯವನ್ನು ತಮ್ಮ ಕೈಯಿಂದ ತಾವೇ ನಡೆಸುವುದು.

ಅದರ ಬೆಲೆ ಏನಾಯಿತು ಎಂಬುದೂ ಗೊತ್ತಿದೆ. ಹರಳಯ್ಯ, ಮಧುವರಸರಿಗೆ ಎಳೆಹೂಟೆ ಶಿಕ್ಷೆಯಾಯಿತು. ಆ ಮೇಲೆ ನಡೆದದ್ದನ್ನು ಮಾತ್ರ ನಾವು ವೇದಿಕೆಗಳ ಮೇಲೆ ಬೇಗ ಬೇಗ ದಾಟಿಬಿಡುತ್ತೇವೆ. ಶರಣರ ಹತ್ಯೆಗೆ ಪ್ರತೀಕಾರವಾಗಿ ಜಗದೇವ ಮತ್ತು ಅವನ ಸಂಗಡಿಗರು ಬಿಜ್ಜಳನನ್ನು ಕೊಂದರು. ಅದೂ ನೇರ ಕ್ರಿಯೆಯೇ. ಕೆಲವೇ ದಿನಗಳ ಅಂತರದಲ್ಲಿ, ಒಂದೇ ಊರಿನಲ್ಲಿ, ಒಂದೇ ಬಳಗದವರು ಮಾಡಿದ ಎರಡು ಕೆಲಸಗಳು. ಮೊದಲನೆಯದರಿಂದ ಶರಣ ಧರ್ಮಕ್ಕೆ ಎಂಟು ನೂರು ವರ್ಷ ಬಾಳುವ ಬಲ ಬಂತು. ಎರಡನೆಯದರಿಂದ ಕಲ್ಯಾಣ ಬರಿದಾಯಿತು, ಶರಣರು ಚದುರಿದರು, ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನ ಕಡೆ ನಡೆಯಬೇಕಾಯಿತು.

ಹಾಗಾದರೆ ಪ್ರಶ್ನೆ ನೇರ ಕ್ರಿಯೆ ಸರಿಯೇ ತಪ್ಪೇ ಎಂಬುದಲ್ಲ. ಆ ಮದುವೆಗೂ ಆ ಕೊಲೆಗೂ ಇರುವ ಅಂತರವೇನು ಎಂಬುದು. ಅದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು. ಆ ಹಳೆಯ ಜಿಲ್ಲೆಯ ಎರಡು ಊರುಗಳನ್ನೂ, ತುಂಗಭದ್ರೆಯ ಆಚೆ ದಡದ ಒಂದು ಊರನ್ನೂ ನೆನಪಿಸಿಕೊಳ್ಳೋಣ.

ಮೊದಲನೆಯದು ಶಿಕಾರಿಪುರ ತಾಲ್ಲೂಕಿನ ಈಸೂರು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಆ ಹಳ್ಳಿ ತನ್ನನ್ನು ತಾನೇ ಸ್ವತಂತ್ರ ಎಂದು ಸಾರಿಕೊಂಡಿತು. ಕಂದಾಯ ಕೊಡುವುದಿಲ್ಲ ಎಂದಿತು. ಸರ್ಕಾರದ ಅಧಿಕಾರಿಗಳಿಗೆ ಊರೊಳಗೆ ಪ್ರವೇಶವಿಲ್ಲ ಎಂದಿತು. ತನ್ನದೇ ಅಮಲ್ದಾರನನ್ನೂ ಸಬ್ ಇನ್ಸ್‌ಪೆಕ್ಟರನನ್ನೂ ನೇಮಿಸಿಕೊಂಡಿತು, ಆ ಇಬ್ಬರೂ ಚಿಕ್ಕ ಹುಡುಗರು. ದೊಡ್ಡವರನ್ನು ಬಂಧಿಸಿದ ಹಾಗೆ ಮಕ್ಕಳನ್ನು ಬಂಧಿಸಲಾರರು ಎಂಬುದು ಹಳ್ಳಿಯ ಜಾಣತನ. ಏಸೂರು ಕೊಟ್ಟರೂ ಈಸೂರು ಕೊಡೆವು ಎಂಬ ಘೋಷಣೆ ಇಂದಿಗೂ ನಮ್ಮ ಕಡೆ ಜನರ ಬಾಯಲ್ಲಿದೆ. ಅಲ್ಲಿಯವರೆಗೆ ಅದು ಕಲ್ಯಾಣದ ಮದುವೆಯಂಥದ್ದೇ ಕೆಲಸ. ಆದರೆ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ನಿಜವಾದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಊರಿಗೆ ಬಂದಾಗ ನಡೆದ ಘರ್ಷಣೆಯಲ್ಲಿ ಅವರಿಬ್ಬರೂ ಜನರ ಕೈಯಲ್ಲಿ ಸತ್ತರು. ಮುಂದೆ ಪೊಲೀಸರು ಊರಿನ ಮೇಲೆ ಬಿದ್ದರು, ಜನ ಮನೆಮಾರು ಬಿಟ್ಟು ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಿದರು. ಹೆಣ್ಣುಮಕ್ಕಳೂ ಜೈಲಿಗೆ ಹೋದರು. ಈಸೂರಿನ ಹುತಾತ್ಮರಿಗೆ ನಾನು ತಲೆಬಾಗುತ್ತೇನೆ. ಆದರೂ ಒಂದು ಮಾತನ್ನು ಹೇಳಲೇಬೇಕು. ಆಳ್ವಿಕೆಯನ್ನು ನಾಚಿಸಿದ್ದು ಆ ಇಬ್ಬರು ಹುಡುಗರ ಸರ್ಕಾರ. ಹಳ್ಳಿಯ ಮೇಲೆ ನುಗ್ಗಲು ಆಳುವವರಿಗೆ ನೆಪ ಸಿಕ್ಕಿದ್ದು ಆ ಎರಡು ಸಾವುಗಳಿಂದ.

ಎರಡನೆಯದು ಸಾಗರ ತಾಲ್ಲೂಕಿನ ಕಾಗೋಡು. 1951ರ ಏಪ್ರಿಲ್. ಗೇಣಿ ರೈತರು ಹೆಚ್ಚಿನವರು ದೀವರು. ಗೇಣಿ ಭತ್ತ ಅಳೆಯುವ ಕೊಳಗ ಒಡೆಯರ ಮನೆಯಲ್ಲಿ ದೊಡ್ಡದು. ಅದೇ ಜಗಳದ ಮೂಲ. ನ್ಯಾಯವಾದ ಕೊಳಗದಲ್ಲಿ ಅಳೆಯಿರಿ ಎಂದು ಕೇಳಿದವರಿಗೆ ಗದ್ದೆ ಉಳಬೇಡಿ ಎಂಬ ಉತ್ತರ ಬಂತು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಆ ರೈತರು ರಾತ್ರಿ ಹೋಗಿ ಒಡೆಯರ ಬಣವೆಗೆ ಬೆಂಕಿ ಇಡಲಿಲ್ಲ. ಹಗಲು ಹೊತ್ತಿನಲ್ಲಿ, ಎಲ್ಲರಿಗೂ ತಿಳಿಸಿ, ನೇಗಿಲು ಹೊತ್ತು, ತಲೆತಲಾಂತರದಿಂದ ತಾವು ಉತ್ತ ಗದ್ದೆಗೆ ಇಳಿದು ಉತ್ತರು. ಪೊಲೀಸರು ಹಿಡಿದರೆ ಜೈಲಿಗೆ ಹೋದರು. ಮರುದಿನ ಇನ್ನಷ್ಟು ಜನ ಇಳಿದರು. ಹೆಂಗಸರೂ ಇಳಿದರು. ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಜೊತೆ ನಿಂತರು, ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಬಂದು ಅವರೂ ಬಂಧನಕ್ಕೊಳಗಾದರು. ಆ ವರ್ಷವೇ ಗೆಲುವು ಸಿಗಲಿಲ್ಲ. ಆದರೆ ಉಳುವವನೇ ಹೊಲದೊಡೆಯ ಎಂಬ ಮಾತು 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆಯ ಕಾನೂನಾಗಿ ಬಂದಾಗ, ಅದರ ಮೊದಲ ಸಾಲು ಕಾಗೋಡಿನ ಗದ್ದೆಯಲ್ಲಿ ನೇಗಿಲು ಬರೆದದ್ದು ಎಂದು ಎಲ್ಲರೂ ಒಪ್ಪಿದರು.

ಕಾಗೋಡನ್ನು ನೆನೆಯುವಾಗ ನಾವು ಲಿಂಗಾಯತರು ಒಂದು ಸತ್ಯವನ್ನು ನುಂಗಬೇಕು. ಅಲ್ಲಿ ದೊಡ್ಡ ಕೊಳಗ ಹಿಡಿದಿದ್ದ ಒಡೆಯರಲ್ಲಿ ಪ್ರಮುಖರು ನಮ್ಮವರೇ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಕಣಜದಲ್ಲಿ ದೊಡ್ಡ ಕೊಳಗ. ಬಸವಣ್ಣನವರ ಮಾತನ್ನು ಆ ದಿನ ಗದ್ದೆಯಲ್ಲಿ ನಡೆಸಿದವರು ಲಿಂಗ ಕಟ್ಟಿರಲಿಲ್ಲ. ಲಿಂಗ ಕಟ್ಟಿದವರು ಬಿಜ್ಜಳನ ಜಾಗದಲ್ಲಿ ಕೂತಿದ್ದರು. ನೇರ ಕ್ರಿಯೆ ಸರಿಯೇ ಎಂದು ಕೇಳುವಾಗ ನಾವು ಯಾವಾಗಲೂ ನಮ್ಮನ್ನು ಹರಳಯ್ಯನ ಸಾಲಿನಲ್ಲಿ ನಿಲ್ಲಿಸಿಕೊಂಡೇ ಯೋಚಿಸುತ್ತೇವೆ. ಎದುರು ಸಾಲಿನಲ್ಲಿ ನಾವೇ ಇರಬಹುದು ಎಂಬುದು ಹೊಳೆಯುವುದೇ ಇಲ್ಲ.

ಮೂರನೆಯದು ಇಂದಿನ ಹಾವೇರಿ ಜಿಲ್ಲೆಯ ಕುಸನೂರು. ಎಂಬತ್ತರ ದಶಕದಲ್ಲಿ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆ ಕಟ್ಟಿದವು. ಸುಮಾರು 75,000 ಎಕರೆ ಸರ್ಕಾರಿ ಭೂಮಿಯಲ್ಲಿ ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಸುವ ಯೋಜನೆ. ಆ ಭೂಮಿ ಹಳ್ಳಿಯವರ ಪಾಲಿಗೆ ದನ ಮೇಯುವ, ಸೌದೆ ತರುವ ಜಾಗ. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮನವಿ ಕೊಟ್ಟಿತು, ಸಹಿ ಸಂಗ್ರಹಿಸಿತು. ಶಿವರಾಮ ಕಾರಂತರಂಥವರು ಜೊತೆಗೂಡಿ ಸುಪ್ರೀಂ ಕೋರ್ಟಿಗೂ ಹೋದರು. ಅಷ್ಟಾದ ಮೇಲೆ, 1987ರ ನವೆಂಬರ್ 14ರಂದು, ಜನ ಕುಸನೂರಿನಲ್ಲಿ ಸೇರಿ ಒಂದು ಸತ್ಯಾಗ್ರಹ ಮಾಡಿದರು. ಅದರ ಹೆಸರು ಕಿತ್ತಿಕೋ ಹಚ್ಚಿಕೋ. ನೀಲಗಿರಿ ಸಸಿ ಕೀಳುವುದು, ಅದೇ ಜಾಗದಲ್ಲಿ ಊರಿಗೆ ಉಪಯೋಗವಾಗುವ ಗಿಡ ಹಚ್ಚುವುದು. ಕಿತ್ತದ್ದು ನೂರರಷ್ಟು ಸಸಿ ಮಾತ್ರ, ಅಷ್ಟರಲ್ಲಿ ಪೊಲೀಸರು ಬಂಧಿಸಿದರು. ಆದರೆ ಸಂದೇಶ ತಲುಪಿತು. 1991ರಲ್ಲಿ ಸರ್ಕಾರ ಆ ಸಂಸ್ಥೆಯನ್ನೇ ಮುಚ್ಚುವ ತೀರ್ಮಾನಕ್ಕೆ ಬಂತು.

ಈ ಊರುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಅಳತೆಗೋಲು ತಾನಾಗಿಯೇ ಕಾಣುತ್ತದೆ.

ಮೊದಲನೆಯ ಗೆರೆ: ಕೆಲಸ ಹಗಲಿನಲ್ಲಿ ನಡೆಯಿತೇ? ಮದುವೆಯೂ, ಉಳುಮೆಯೂ, ಸಸಿ ಹಚ್ಚಿದ್ದೂ ಎಲ್ಲರ ಕಣ್ಣೆದುರು ನಡೆದವು. ಮಾಡಿದವರು ಇದು ನಾನೇ ಮಾಡಿದ್ದು ಎಂದು ಹೆಸರು ಹೇಳಿದರು. ಮುಖ ಮುಚ್ಚಿಕೊಂಡು ಮಾಡುವ ಕೆಲಸದಲ್ಲಿ ನ್ಯಾಯಕ್ಕಿಂತ ಭಯವೇ ಹೆಚ್ಚು ಇರುತ್ತದೆ.

ಎರಡನೆಯ ಗೆರೆ: ಹೊರೆ ಯಾರ ಹೆಗಲ ಮೇಲೆ ಬಿತ್ತು? ಹರಳಯ್ಯ, ಮಧುವರಸರು ತಮ್ಮ ಪ್ರಾಣವನ್ನೇ ಇಟ್ಟರು. ಕಾಗೋಡಿನವರು ತಮ್ಮ ಕೈಗೇ ಬೇಡಿ ಹಾಕಿಸಿಕೊಂಡರು. ತನಗಿಂತ ದುರ್ಬಲನ ಮೇಲೆ ಹೊರೆ ಹಾಕಿದರೆ ಅದು ದಬ್ಬಾಳಿಕೆ. ಈ ಗೆರೆಯಿಂದ ನೋಡಿದರೆ ನಮ್ಮ ಬಂದ್‌ಗಳನ್ನೂ ರಸ್ತೆ ತಡೆಗಳನ್ನೂ ಮತ್ತೊಮ್ಮೆ ಯೋಚಿಸಬೇಕಾಗುತ್ತದೆ. 2023ರ ಬರಗಾಲದ ಸೆಪ್ಟೆಂಬರ್‌ನಲ್ಲಿ ಭದ್ರಾ ನೀರಿಗಾಗಿ ದಾವಣಗೆರೆ ಬಂದ್ ಆಯಿತು. ಬೇಡಿಕೆ ನ್ಯಾಯವಾದದ್ದೇ. ಆದರೆ ಬಂದ್ ದಿನ ಕೂಲಿ ಕಳೆದುಕೊಳ್ಳುವವನು ಹಮಾಲಿ, ವ್ಯಾಪಾರ ಕಳೆದುಕೊಳ್ಳುವವಳು ತಳ್ಳುಗಾಡಿಯಲ್ಲಿ ಹೂ ಮಾರುವವಳು. ನೀರಿನ ಲೆಕ್ಕ ಬರೆಯುವವರ ಸಂಬಳದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ.

ಮೂರನೆಯ ಗೆರೆ: ಮಾಡಿದ ಕೆಲಸವೇ ನ್ಯಾಯದ ಕೆಲಸವೇ, ಅಥವಾ ಯಾರನ್ನೋ ಹೆದರಿಸುವ ಉಪಾಯವೇ? ಆ ಮದುವೆ ಯಾರನ್ನೂ ಹೆದರಿಸಲಿಕ್ಕೆ ಆದದ್ದಲ್ಲ. ಬಿಜ್ಜಳ ಕಣ್ಣು ಮುಚ್ಚಿಕೊಂಡು ಸುಮ್ಮನಿದ್ದಿದ್ದರೂ ಆ ಗಂಡು ಹೆಣ್ಣು ಸಂಸಾರ ಮಾಡಿಕೊಂಡಿರುತ್ತಿದ್ದರು. ಉತ್ತ ಗದ್ದೆಯಲ್ಲಿ ಭತ್ತ ಬೆಳೆಯುತ್ತದೆ. ಹಚ್ಚಿದ ಗಿಡ ನೆರಳು ಕೊಡುತ್ತದೆ. ಶರಣರ ಪ್ರತಿಭಟನೆ ಕಾಯಕದ ರೂಪದಲ್ಲಿ ಇರುತ್ತದೆ ಎಂದು ನಾನು ಹೇಳುವುದು ಈ ಅರ್ಥದಲ್ಲಿ. ಕೀಳುವ ಕೈ ಹಚ್ಚುವುದನ್ನೂ ಬಲ್ಲದ್ದಾಗಿರಬೇಕು.

ನಾಲ್ಕನೆಯ ಗೆರೆ: ಮಾತಿನ ದಾರಿ ಪೂರ್ತಿ ಸವೆಸಿ ಆಗಿದೆಯೇ? ಮಹಾಡ್‌ನ ಚವದಾರ್ ಕೆರೆಯನ್ನು ನೆನೆಯಿರಿ. ಸಾರ್ವಜನಿಕ ಕೆರೆಗಳು ಎಲ್ಲರಿಗೂ ಮುಕ್ತ ಎಂದು ಮುಂಬಯಿ ಶಾಸನ ಪರಿಷತ್ತು 1923ರಲ್ಲಿ ನಿರ್ಣಯ ಮಾಡಿತ್ತು, ಊರಿನ ಪುರಸಭೆಯೂ ಒಪ್ಪಿತ್ತು. ಆದರೂ ಅಸ್ಪೃಶ್ಯರಿಗೆ ಒಂದು ಬೊಗಸೆ ನೀರು ಸಿಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬ ಅಂಬೇಡ್ಕರರು ಸಾವಿರಾರು ಜನರೊಂದಿಗೆ ನಡೆದು ಹೋಗಿ ನೀರು ಕುಡಿದರು. ಕಾಗದದಲ್ಲಿದ್ದ ಕಾನೂನನ್ನು ಬೊಗಸೆಗೆ ತಂದರು. ಆ ಮೇಲೆ ಸವರ್ಣೀಯರು ದೊಣ್ಣೆ ಹಿಡಿದು ಬಂದಾಗ ತಮ್ಮವರನ್ನು ತಿರುಗಿ ಹೊಡೆಯದಂತೆ ತಡೆದರು. ಹತ್ತು ವರ್ಷ ಕೋರ್ಟಿನಲ್ಲಿ ಹೋರಾಡಿ 1937ರಲ್ಲಿ ಗೆದ್ದರು. ನೇರ ಕ್ರಿಯೆಯೂ ಕಾನೂನಿನ ದಾರಿಯೂ ಒಂದಕ್ಕೊಂದು ವೈರಿಗಳಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇಷ್ಟು ಹೇಳಿದರೆ ನಲ್ಲೂರಿನ ಆ ಯುವಕ ಸುಮ್ಮನಿರುತ್ತಾನೆಯೇ? ದಾಸೋಹದಲ್ಲಿ ನನ್ನ ಪಕ್ಕದಲ್ಲೇ ಕೂತು ಅವನು ಇನ್ನೊಂದು ಮಾತು ಕೇಳಿದ. "ಮೇಷ್ಟ್ರೇ, ನವಲಗುಂದ ನರಗುಂದದಾಗೆ ಗೋಲಿಬಾರ್ ಆದಮೇಲೆ ತಾನೇ ಸರ್ಕಾರ ಬಗ್ಗಿದ್ದು? ಅಲ್ಲಿವರೆಗೂ ಯಾರು ಕೇಳಿದ್ರು?" ಇದಕ್ಕೆ ಸುಳ್ಳು ಉತ್ತರ ಕೊಡಬಾರದು. 1980ರಲ್ಲಿ ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ತಲುಪದ ಹೊಲಗಳಿಗೂ ಸುಧಾರಣಾ ಕರ ಕಟ್ಟಿ ಎಂದು ಸರ್ಕಾರ ಪಟ್ಟು ಹಿಡಿಯಿತು. ಜುಲೈ 21ರಂದು ಸಿಟ್ಟು ಸ್ಫೋಟವಾಯಿತು. ಗುಂಡಿಗೆ ರೈತರು ಸತ್ತರು, ಜನರ ಕೈಯಲ್ಲಿ ಪೊಲೀಸರು ಸತ್ತರು. ಆ ಮೇಲೆಯೇ ಸರ್ಕಾರ ರಿಯಾಯಿತಿ ಘೋಷಿಸಿದ್ದು ನಿಜ. ರಾಜ್ಯದ ರೈತ ಚಳವಳಿಗೆ ಅದರಿಂದ ಜೀವ ಬಂದದ್ದೂ ನಿಜ. ಆದರೆ ಸಂಘಟನೆ ಕಟ್ಟಿದ್ದು, ಕರ ಕಟ್ಟಲಾರೆವು ಎಂದು ತಿಂಗಳುಗಟ್ಟಲೆ ಒಟ್ಟಾಗಿ ನಿಂತದ್ದು ರೈತರ ಬಲ. ಸತ್ತ ರೈತನ ಮನೆಯ ದುಃಖ, ಸತ್ತ ಪೇದೆಯ ಮನೆಯ ದುಃಖ ಬೇರೆ ಬೇರೆಯೇ? ಪೇದೆಯೂ ಯಾವುದೋ ರೈತನ ಮಗನೇ. ರಕ್ತ ಬಿದ್ದರೆ ಮಾತ್ರ ಸರ್ಕಾರ ಬಗ್ಗುತ್ತದೆ ಎಂಬುದು ಸರ್ಕಾರಕ್ಕೆ ನಾಚಿಕೆಯ ವಿಷಯ. ಅದನ್ನು ನಾವು ನಮ್ಮ ನೀತಿಯಾಗಿ ಮಾಡಿಕೊಳ್ಳಬಾರದು.

ಇನ್ನೊಂದು ಆಕ್ಷೇಪ ಹಿರಿಯರ ಕಡೆಯಿಂದ ಬರುತ್ತದೆ, ಅದಕ್ಕೂ ತೂಕವಿದೆ. ತನಗೆ ಸರಿ ಕಂಡದ್ದನ್ನು ಪ್ರತಿಯೊಬ್ಬನೂ ತಾನೇ ಮಾಡಲು ಹೊರಟರೆ ಗತಿಯೇನು? ಜಾತಿ ಮೀರಿ ಮದುವೆಯಾದವರನ್ನು ಊರು ಬಿಡಿಸುವವರೂ ನ್ಯಾಯವನ್ನು ಕೈಗೆ ತೆಗೆದುಕೊಂಡಿದ್ದೇವೆ ಎಂದೇ ಹೇಳುತ್ತಾರಲ್ಲ? ಹೌದು, ಹೇಳುತ್ತಾರೆ. ಅದಕ್ಕಾಗಿಯೇ ಅಳತೆಗೋಲು ಬೇಕು. ಬಹಿಷ್ಕಾರ ಹಾಕುವವನು ತನ್ನ ಮೇಲೆ ಯಾವ ಹೊರೆಯನ್ನೂ ತೆಗೆದುಕೊಳ್ಳುವುದಿಲ್ಲ. ಬಲವಿಲ್ಲದ ಇಬ್ಬರ ಮೇಲೆ ಇಡೀ ಊರಿನ ಭಾರ ಹಾಕುತ್ತಾನೆ. ಎರಡನೆಯ ಗೆರೆಯಲ್ಲೇ ಅವನು ಸೋತ.

ಈಗ ಕಾಲುವೆಗೆ ಬರೋಣ. ಲಕ್ಕವಳ್ಳಿಯ ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ, ಹಿಡಿಯುವ ನೀರು 71.5 ಟಿಎಂಸಿ. ಬಲದಂಡೆ ಕಾಲುವೆ ನಮ್ಮ ತಾಲ್ಲೂಕುಗಳನ್ನು ದಾಟಿ ದಾವಣಗೆರೆ, ಹರಿಹರದ ಗದ್ದೆಗಳವರೆಗೆ ಹೋಗಬೇಕು. ದಾರಿಯುದ್ದಕ್ಕೂ ಮೋಟಾರುಗಳು ಅದನ್ನು ಕುಡಿಯುತ್ತವೆ. ಒಂದು ಕಾಲಕ್ಕೆ ಭತ್ತ, ರಾಗಿ ಇದ್ದ ಭೂಮಿ ಅಡಿಕೆಯಾಗಿದೆ, ಅಡಿಕೆಗೆ ಬೇಸಗೆಯಲ್ಲಿ ನೀರು ಬೇಕು. ಅಕ್ರಮವಾಗಿ ನೀರೆತ್ತುವವರಿಗೆ ಶಿಕ್ಷೆ ಹೆಚ್ಚಿಸಿ 2024ರಲ್ಲಿ ಸರ್ಕಾರ ನೀರಾವರಿ ಕಾಯ್ದೆಗೆ ತಿದ್ದುಪಡಿಯನ್ನೂ ತಂದಿತು. ಕಾನೂನು ಇದೆ, ಮಹಾಡ್‌ನ ಹಾಗೆ ಕಾಗದದಲ್ಲಿ ಇದೆ. ಅಧಿಕಾರಿಗಳು ಬರುತ್ತಾರೆ ಎಂದರೆ ಒಂದು ದಿನ ಪೈಪು ಮೇಲೆ ಬರುತ್ತವೆ, ಅವರು ಹೋದ ಸಂಜೆ ಮತ್ತೆ ಇಳಿಯುತ್ತವೆ.

ತಮ್ಮಾ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು. ಮೇಲಿನವರ ಹೆಸರು ಹಿಡಿದು, ದಿನ ಗೊತ್ತುಮಾಡಿ, ನೋಟಿಸು ಕೊಟ್ಟು, ಅಧಿಕಾರಿಗಳಿಗೂ ತಿಳಿಸಿ, ಕಾಯಬೇಕಾದಷ್ಟು ಕಾದು, ಆ ಮೇಲೂ ಏನೂ ಆಗದಿದ್ದರೆ, ನೀವು ನೂರು ಜನ ಹಗಲಿನಲ್ಲಿ ಬಂದು ಪೈಪು ಮೇಲಕ್ಕೆ ಎಳೆದರೆ ಶರಣರು ಒಪ್ಪುತ್ತಾರೆ ಎಂದೇ ನನ್ನ ತಿಳಿವಳಿಕೆ. ಪೈಪು ಕತ್ತರಿಸಬೇಡಿ, ಮೋಟಾರು ಸುಡಬೇಡಿ. ಎತ್ತಿ ದಂಡೆಯ ಮೇಲಿಟ್ಟು ಅವರ ಮನೆಗೆ ಹೇಳಿ ಕಳಿಸಿ. ಪೊಲೀಸರು ಬಂದರೆ ಹೆಸರು ಬರೆಸಿ ಜೀಪು ಹತ್ತಿ. ಯಾರಾದರೂ ಕೈ ಮಾಡಿದರೆ ತಿರುಗಿ ಕೈ ಮಾಡಬೇಡಿ. ಮತ್ತೆ, ಹೀಗೆ ಬರುವ ಮುನ್ನ ನಿಮ್ಮೂರಿನ ಉಪಕಾಲುವೆಯಲ್ಲಿ ನಿಮಗಿಂತ ಕೆಳಗಿರುವ ದಲಿತರ ಗದ್ದೆಗೆ ನೀರು ಹೋಗುತ್ತಿದೆಯೇ ಎಂದು ನೋಡಿಕೊಂಡು ಬನ್ನಿ. ಕೊನೇ ಭಾಗಕ್ಕೂ ಒಂದು ಕೊನೇ ಭಾಗ ಇರುತ್ತದೆ.

ಆದರೆ ಆ ದಿನ ಬರಬಾರದು ಎಂಬುದು ನನ್ನ ಆಸೆ. ಪೈಪು ಎಳೆಯಬೇಕಾದ ಮೊದಲ ಕೈ ಪೈಪು ಇಳಿಬಿಟ್ಟವನದ್ದೇ. ಆಯ್ದಕ್ಕಿ ಲಕ್ಕಮ್ಮನವರನ್ನು ನಾವು ಪ್ರತಿ ಗೋಷ್ಠಿಯಲ್ಲೂ ನೆನೆಯುತ್ತೇವೆ. ಮಾರಯ್ಯನವರು ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ತೆಗೆದುಕೊಂಡು ಹೋಗಿ ತಂದ ಜಾಗದಲ್ಲೇ ಸುರಿದು ಬನ್ನಿ ಎಂದು ಕಳಿಸಿದ ತಾಯಿ ಆಕೆ. ಅದು ಕದ್ದ ಅಕ್ಕಿಯೂ ಅಲ್ಲ, ನೆಲಕ್ಕೆ ಚೆಲ್ಲಿದ ಅಕ್ಕಿ. ಆದರೂ ಹೆಚ್ಚಿನದು ಇನ್ನೊಬ್ಬರ ಪಾಲು ಎಂದರು. ನಮ್ಮ ಪರಂಪರೆಯ ಅತ್ಯಂತ ದೊಡ್ಡ ನೇರ ಕ್ರಿಯೆ ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಅದು ನಡೆದದ್ದು ರಾಜಬೀದಿಯಲ್ಲಲ್ಲ, ಮನೆಯ ಹೊಸ್ತಿಲಲ್ಲಿ. ಎದುರು ನಿಂತದ್ದು ಗಂಡನ ಎದುರು.

ನಮ್ಮ ಸಮಾಜಕ್ಕೆ ಬೀದಿಗಿಳಿಯುವುದು ಬರುವುದಿಲ್ಲ ಎಂದು ಯಾರೂ ಹೇಳಲಾರರು. 2021ರ ಸಂಕ್ರಾಂತಿಯಂದು ಕೂಡಲಸಂಗಮದಿಂದ ಹೊರಟು ಮೀಸಲಾತಿಗಾಗಿ ಬೆಂಗಳೂರಿನವರೆಗೆ ಕಾಲ್ನಡಿಗೆಯಲ್ಲಿ ಹೋದವರು ನಮ್ಮವರು. ಪೋಸ್ಕೊ ಕಂಪನಿಗೆ ಭೂಮಿ ಕೊಡಬಾರದೆಂದು 2011ರಲ್ಲಿ ಗದಗ ಜಿಲ್ಲೆಯ ರೈತರು ಎದ್ದಾಗ ಮುಂದೆ ನಿಂತವರು ಲಿಂಗೈಕ್ಯ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು. ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ನಮ್ಮ ಪಾಲಿಗಾಗಿ ನಡೆಯಬಲ್ಲೆವು, ನಮ್ಮಿಂದ ಕಿತ್ತುಕೊಳ್ಳುವವರ ಎದುರು ನಿಲ್ಲಬಲ್ಲೆವು. ನಾವೇ ಕಿತ್ತುಕೊಂಡದ್ದನ್ನು ವಾಪಸು ಕೊಡಲು ಎಷ್ಟು ಹೆಜ್ಜೆ ನಡೆಯಬಲ್ಲೆವು ಎಂಬುದು ಈಗಿರುವ ಪ್ರಶ್ನೆ.

ಈ ಪತ್ರಿಕೆ ಮಠಗಳ ಮೂಲಕ ತಮ್ಮ ಕೈ ಸೇರುತ್ತದೆ. ಆದ್ದರಿಂದ ಪೂಜ್ಯರಲ್ಲೂ ಒಂದು ಬಿನ್ನಹ. ಕಾಲುವೆ ಬದಿಯಲ್ಲಿ ತೋಟವಿರುವ ಮಠಗಳು ಮೊದಲು ತಮ್ಮ ತೋಟದ ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಿಕೊಳ್ಳಲಿ. ಅಕ್ರಮ ಪೈಪು ಇದ್ದರೆ ಭಕ್ತರ ಎದುರು, ಹಗಲಿನಲ್ಲಿ, ಮೇಲಕ್ಕೆ ಎತ್ತಿಸಲಿ. ಅಂಥ ಒಂದು ದೃಶ್ಯ ನೂರು ಪ್ರವಚನಕ್ಕೆ ಸಮ. ಮುಂದಿನ ಗೋಷ್ಠಿಗಳಲ್ಲಿ ಮೇಲುಭಾಗದ ರೈತರೂ ಕೊನೇ ಭಾಗದ ರೈತರೂ ಒಂದೇ ಪಂಕ್ತಿಯಲ್ಲಿ ಕೂತು ನೀರಿನ ಸರದಿ ಮಾತಾಡಿಕೊಳ್ಳಲಿ. ಅನುಭವ ಮಂಟಪ ಎಂದರೆ ಅದೇ. ಕೊಳವೆಬಾವಿ ಬತ್ತಿದವರ ಕಷ್ಟವೂ ಸುಳ್ಳಲ್ಲ, ತೋಟ ಒಣಗಿದರೆ ಸಾಲ ಉಳಿಯುತ್ತದೆ. ಅದನ್ನೂ ಅಲ್ಲಿಯೇ ಇಡೋಣ.

ಇನ್ನು ನನ್ನ ಲೆಕ್ಕ. ನಮ್ಮ ತಂದೆಯವರ ಕಾಲದ ಜಮೀನು ನನಗೂ ತಮ್ಮನಿಗೂ ಪಾಲಾದಾಗ ಇಬ್ಬರೂ ಅಡಿಕೆ ಹಾಕಿದೆವು. ಹದಿನಾಲ್ಕು ವರ್ಷದಿಂದ ನನ್ನ ತೋಟಕ್ಕೆ ನೀರು ಬರುತ್ತಿದ್ದದ್ದು ಕಾಲುವೆಗೆ ಇಳಿಬಿಟ್ಟ ಪೈಪಿನಿಂದ. ಕಾಯಕ, ದಾಸೋಹ ಎಂದು ಊರೂರಲ್ಲಿ ಮಾತಾಡುತ್ತಲೇ ಇದ್ದೆ. ನಲ್ಲೂರಿನಲ್ಲಿ ಆ ಹುಡುಗ ಎಣಿಸಿದ ಪೈಪುಗಳಲ್ಲಿ ನನ್ನದೂ ಒಂದಿತ್ತೋ ಏನೋ. ಆ ದಿನ ನನ್ನ ಬಾಯಿ ಕಟ್ಟಿದ್ದು ಅದಕ್ಕೇ.

ಗೋಷ್ಠಿಯ ಮರುವಾರ ನನ್ನ ಪೈಪು ಮೇಲೆತ್ತಿಸಿದೆ. ನೋಡಿದ ಅಕ್ಕಪಕ್ಕದವರು, "ಮೇಷ್ಟ್ರಿಗೆ ಏನಾಯ್ತು" ಎಂದು ನಕ್ಕರು. ತೋಟದ ಒಂದು ಭಾಗ ಈ ಬೇಸಗೆ ದಾಟುವುದಿಲ್ಲ ಎಂದು ಕೆಲಸದವನು ಹೇಳಿದ್ದಾನೆ. ಅವನ ಮಾತು ನಿಜವಾಗಬಹುದು. ತಮ್ಮನ ಪೈಪು ಇನ್ನೂ ನೀರಿನಲ್ಲೇ ಇದೆ. "ಅಣ್ಣಾ, ನಾನೊಬ್ಬ ತೆಗೆದ್ರೆ ಆ ನೀರು ಕೊನೇ ಭಾಗಕ್ಕೆ ಹೋಗುತ್ತಾ, ಪಕ್ಕದ ತೋಟಕ್ಕೆ ಹೋಗುತ್ತಾ?" ಎಂದು ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಈಗ ಅವನೂ ನಾನೂ ಸೇರಿ ಪಕ್ಕದ ತೋಟದವರ ಮನೆಗೆ ಹೋಗುವುದೆಂದು ಮಾತಾಗಿದೆ. ಒಂದು ಮನೆಯಲ್ಲಿ ಒಪ್ಪಿದರೆ ಮುಂದಿನ ಮನೆ.

ಮಲೇಬೆನ್ನೂರು ಕಡೆಯ ಆ ತಮ್ಮ ಈ ಸಂಚಿಕೆ ಓದುತ್ತಾನೆ ಎಂದು ನಂಬಿದ್ದೇನೆ. ಮುಂದಿನ ಗೋಷ್ಠಿಗೆ ತಪ್ಪದೆ ಬರಬೇಕು. ಕಾಲುವೆ ದಂಡೆಯ ಮೇಲೇ ಬರಲಿ. ಬರುತ್ತಾ ಮತ್ತೆ ಎಣಿಸಲಿ. ಕಳೆದ ಸಲಕ್ಕಿಂತ ಒಂದಾದರೂ ಕಡಿಮೆ ಇರುತ್ತದೆ.